ಎಲ್ಲಾ ತೆಗಿ

ನಮ್ಮ ಭಾವ ಲಕ್ಷ್ಮೀಕಾಂತರಿಗೆ ಮೌಸ್ ಕಂಡರೆ ಆಗುತ್ತಿರಲಿಲ್ಲ. “ಚಿತ್ರದ ಮ್ಯಾಲೆ ಕುಟ್ಟೋದು ಮಕ್ಕಳಾಟ. ಮನುಷ್ಯ ಆದೋನು ಏನು ಬೇಕು ಅಂತ ಮಾತಲ್ಲಿ ಹೇಳ್ಬೇಕು” ಎನ್ನುತ್ತಿದ್ದರು. ಮಾತಲ್ಲಿ ಹೇಳುವುದೆಂದರೆ ಕಪ್ಪು ಪರದೆಯ ಮೇಲೆ ಒಂದು ಸಾಲು ಬರೆದು ಎಂಟರ್ ಒತ್ತುವುದು. ಚಿತ್ರದುರ್ಗದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅವರು ಬೋಧಕರು. ಯಾವುದೋ ಪತ್ರಿಕೆಯ ಜೊತೆ ಬಿಟ್ಟಿ ಬಂದ ಸಿ.ಡಿ.ಯಿಂದ ಲಿನಕ್ಸ್ ಹಾಕಿಕೊಂಡ ದಿನದಿಂದ ಅವರಿಗೆ ಅದೇ ದೇವರು. ಯಾರ ಅಪ್ಪಣೆಯೂ ಬೇಡ, ಬಿಚ್ಚಿ ನೋಡಬಹುದು, ನಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು ಎಂದು ಊಟಕ್ಕೆ ಕೂತಾಗಲೂ ಭಾಷಣ. ನಾನು ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಅವರು ಹೇಳುವುದರಲ್ಲಿ ಅರ್ಧ ನನ್ನ ತಲೆಯ ಮೇಲೆ ಹಾದು ಹೋಗುತ್ತಿತ್ತು. ಭಾನುವಾರ ಅಕ್ಕ ಬೃಂದಾಳನ್ನು ನೋಡಲು ಹೋದವಳು ಮುದ್ದೆ ನುಂಗುತ್ತಾ ಹೂಂಗುಟ್ಟುತ್ತಿದ್ದೆ.

ಆ ಕಪ್ಪು ಪರದೆಯ ಹಿಂದೆ ಕೂತು ನಾವು ಹೇಳಿದ್ದನ್ನು ಕೇಳಿ ಕೆಲಸ ಮಾಡಿಸುವ ಪ್ರೋಗ್ರಾಮಿಗೆ ಶೆಲ್ ಎಂದು ಹೆಸರಂತೆ. ಅದಕ್ಕೆ ಗೊತ್ತಿದ್ದದ್ದು ಇಂಗ್ಲಿಷಿನ ಎರಡೆರಡಕ್ಷರದ ಮೊಟಕು ಮಾತುಗಳು. ಹಳ್ಳಿಯಿಂದ ಬರುವ ವಿದ್ಯಾರ್ಥಿಗಳು ಅದನ್ನು ನೋಡಿ ಹೆದರುತ್ತಾರೆಂದು ಭಾವ ಶೆಲ್ಲಿಗೇ ಕನ್ನಡ ಕಲಿಸಿದರು. ಪಟ್ಟಿ ತೋರಿಸಲು ‘ನೋಡು’, ಬೇರೆ ಕಡೆ ಹೋಗಲು ‘ಹೋಗು’, ಅಳಿಸಿ ಹಾಕಲು ‘ತೆಗಿ’. ಅಕ್ಷರ ಇಂಗ್ಲಿಷಿನವು, ಮಾತು ನಮ್ಮದು. ಎಲ್ಲವೂ ಬೇಕೆಂದರೆ ಕೊನೆಗೆ ಒಂದು ಚುಕ್ಕಿ ಹಾಕಬೇಕು, ಆಕಾಶದ ಚುಕ್ಕಿಯಂಥದ್ದು. ಅಳಿಸುವ ಮುನ್ನ ಶೆಲ್ಲು ಪ್ರತಿಯೊಂದಕ್ಕೂ ‘ಖಂಡಿತಾನಾ?’ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. “ಪೀಡೆ, ಕೇಳಿದ್ದೇ ಕೇಳ್ತೈತೆ” ಎಂದು ಭಾವ ಅದನ್ನೂ ಸುಮ್ಮನಾಗಿಸಿದ್ದರು.

ಶೆಲ್ಲಿನ ಇನ್ನೊಂದು ಗುಣವನ್ನು ಅವರು ಹೊಗಳಿದ್ದೇ ಹೊಗಳಿದ್ದು. ತಪ್ಪಾದರೆ ಮಾತ್ರ ಅದು ಬಾಯಿ ಬಿಡುತ್ತದೆ, ಹೇಳಿದ ಕೆಲಸ ಆಯಿತೆಂದರೆ ತುಟಿ ಪಿಟಕ್ಕೆನ್ನುವುದಿಲ್ಲ. “ಸುಮ್ನೈತೆ ಅಂದ್ರೆ ಎಲ್ಲಾ ಸರಿಗೈತೆ ಅಂತ ಅರ್ಥ, ತಿಳ್ಕ ರಮ್ಯಾ.”

ಅಕ್ಕ ಒಳಗಿನಿಂದ ಕೂಗಿದಳು, “ನಿಮ್ಗೆ ಅಂಥ ಹೆಂಡ್ತೀನೇ ಬೇಕಿತ್ತು. ಏನ್ ಮಾಡ್ತೀರಿ, ನಾನು ಸಿಕ್ಕಿಬಿಟ್ಟೆ.”

ಅಕ್ಕ ಸುಮ್ಮನಿರುವ ಪೈಕಿಯೇ ಅಲ್ಲ. ಸುಮ್ಮನಿರದೇ ಇರುವುದೇ ಅವಳಿಗೆ ಸಂಬಳದ ಕೆಲಸ. ತೊಂಬತ್ತರ ದಶಕದ ನಡುವಿನಿಂದ ಅವಳು ದುರ್ಗದ ಖಾಸಗಿ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸು ಕೂಗುತ್ತಿದ್ದಳು. “ಹಿರಿಯೂರು, ಹರಿಯಬ್ಬೆ ಕಡೆ ಹೋಗೋರು ಬರ್ರಿ, ಗಾಡಿ ಹೊಂಡ್ತೈತೆ. ಹೊಸದುರ್ಗ, ಹಾಲುರಾಮೇಶ್ವರಕ್ಕೆ ಹೋಗೋರು ಎರಡ್ನೇ ಸಾಲಿಗೆ ಬರ್ರಿ. ಹೊಳಲ್ಕೆರೆ ಯಾರು, ಹೊಳಲ್ಕೆರೆ, ಬೇಗ ಹತ್ರಿ.” ಅವಳ ದನಿಯಲ್ಲಿ ಬೆಲ್ಲವೇನೂ ಇರಲಿಲ್ಲ. ತುಸು ದಪ್ಪ ದನಿ, ಗದರಿದಂತೆಯೇ ಕರೆಯುತ್ತಿದ್ದಳು. ಆದರೆ ಆ ಕರೆಗೆ ಓದು ಬಾರದ ಮುದುಕಿಯರೂ ಸರಿಯಾದ ಬಸ್ಸು ಹತ್ತುತ್ತಿದ್ದರು. ನಾನು ಹೊಳಲ್ಕೆರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದರೆ ಮೈಕಿನಲ್ಲೇ “ರಮ್ಯಾ, ಟಿಫನ್ ಡಬ್ಬಿ ಮರ್ತೀಯ” ಎಂದು ಊರಿಗೆಲ್ಲ ಕೇಳುವಂತೆ ಕೂಗಿದವಳು ಅವಳು.

ಆ ನಿಲ್ದಾಣದಿಂದ ಹೊಸದುರ್ಗಕ್ಕೆ ಒಂದು ಹಸಿರು ಬಸ್ಸು ಹೊರಡುತ್ತಿತ್ತು. ಅದರ ಹಣೆಯ ಮೇಲೆ ‘ಶ್ರೀ ಲಕ್ಷ್ಮೀಕಾಂತ’ ಎಂದು ದೊಡ್ಡದಾಗಿ ಬರೆಸಿದ್ದರು. ಉಳಿದ ಬಸ್ಸುಗಳನ್ನೆಲ್ಲ ಹೆಸರು ಹಿಡಿದು ಕೂಗುವ ಅಕ್ಕ ಇದೊಂದನ್ನು ಮಾತ್ರ “ಹೊಸದುರ್ಗದ ಹಸಿರು ಗಾಡಿ” ಎನ್ನುತ್ತಿದ್ದಳು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮವ್ವ ಕಮಲಮ್ಮ ಅವಳ ತಲೆಗೆ ತುಂಬಿದ್ದಳು. ಮದುವೆಯ ದಿನ ಹೊಸಿಲ ಮೇಲೆ ಹೆಸರು ಹೇಳಿಸಲು ಭಾವನ ಕಡೆಯವರೆಲ್ಲ ಅಡ್ಡ ನಿಂತಾಗಲೂ ಅವಳು ಕೆಮ್ಮಿ, ನಕ್ಕು, ಕಾಲು ನೋವು ಎಂದು ನುಸುಳಿಕೊಂಡು ಒಳಗೆ ಹೋಗಿದ್ದಳು. ನಿಜವಾಗಿ ನಂಬಿದ್ದಳೋ ಹಟಕ್ಕೆ ಬಿದ್ದಿದ್ದಳೋ ನನಗೆ ತಿಳಿಯದು. ನಿಲ್ದಾಣದವರಿಗೆ ಗುಟ್ಟು ಗೊತ್ತಾಗಿ ಏಜೆಂಟರು, ಕಂಡಕ್ಟರುಗಳು, ಕೊನೆಗೆ ಪ್ರಯಾಣಿಕರೂ ಅದನ್ನು “ಯಜಮಾನ್ರ ಬಸ್ಸು” ಎಂದೇ ಕರೆಯತೊಡಗಿದರು. ಭಾವ ಅತ್ತ ಹಾದುಹೋದರೆ “ನಿಮ್ ಬಸ್ಸು ಹೊಂಟೋಯ್ತಲ್ರಿ ಸಾರ್” ಎಂದು ಕಾಡುತ್ತಿದ್ದರು.

ಅವಳ ದನಿ ಒಡೆಯತೊಡಗಿದ್ದು ಎರಡು ಸಾವಿರದ ನಾಲ್ಕರ ಚಳಿಗಾಲದಲ್ಲಿ. ನೆಗಡಿ ಎಂದರು, ಧೂಳು ಎಂದರು. ಅವಳು ಕಷಾಯ ಕುಡಿದು ಮೈಕಿನ ಮುಂದೆ ಕೂತಳು. ಬೇಸಿಗೆಯ ಹೊತ್ತಿಗೆ ಹೊಸದುರ್ಗ ಎಂದರೆ ಅರ್ಧ ಊರಷ್ಟೇ ಹೊರಗೆ ಬರುತ್ತಿತ್ತು. ಕೊನೆಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಗಂಟಲೊಳಗೆ ಗಂಟಿದೆ, ಕೆಟ್ಟ ಗಂಟು ಎಂದರು. ಡಾಕ್ಟರು ನಮ್ಮ ಕಡೆಯವರೇ, ಮೆಲ್ಲಗೆ ಕನ್ನಡದಲ್ಲೇ ಹೇಳಿದರು: “ಧ್ವನಿಪೆಟ್ಟಿಗೆ ತೆಗೀಬೇಕಮ್ಮ.”

ಅವ್ವನಿಗೆ ಸಮಾಧಾನವಾಯಿತು. ಹೊರಗೆ ಬೆಂಚಿನ ಮೇಲೆ ಕೂತು ನನ್ನ ಕೈ ಹಿಡಿದು, “ಅಷ್ಟೇ ತಾನೇ? ಪೆಟ್ಟಿಗೆ ತೆಗ್ದು, ಒಳಗಿರೋ ಕಸ ಒರ್ಸಿ, ಮುಚ್ತಾರೆ” ಎಂದಳು. ತೆಗೆಯುವುದು ಎಂದರೆ ಅವ್ವ ಬಾಗಿಲು ತೆಗೆದಂತೆ, ಟ್ರಂಕು ತೆಗೆದಂತೆ ಎಂದುಕೊಂಡಿದ್ದಳು. ಕಿತ್ತು ಹಾಕುತ್ತಾರೆ ಎಂದು ಅವಳಿಗೆ ನಾನು ಬಿಡಿಸಿ ಹೇಳಬೇಕಾಯಿತು. ಮಕ್ಕಳಿಗೆ ನಾನಾರ್ಥ ಪಾಠ ಮಾಡುವವಳು ನಾನು. ಅವತ್ತು ಆ ಒಂದು ಪದಕ್ಕೆ ಅರ್ಥ ಹೇಳಿದಷ್ಟು ಕಷ್ಟ ನನಗೆ ಯಾವ ಕ್ಲಾಸಿನಲ್ಲೂ ಆಗಿಲ್ಲ.

ಅಕ್ಕ ಅಳಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಹಿರಿಯೂರು ದಾಟುವವರೆಗೆ ಕಿಟಕಿಯಾಚೆ ನೋಡಿದಳು. ಆಮೇಲೆ ಒಡಕು ದನಿಯಲ್ಲಿ ಭಾವನನ್ನು ಕೇಳಿದಳು. “ನಿಮ್ ಮಿಷನ್ನು ನನ್ ಮಾತು ಇಟ್ಕಂತೈತಾ?”

ಭಾವ ಅದಕ್ಕೇ ಕಾದಿದ್ದವರಂತೆ ಮನೆಗೆ ಬಂದವರೇ ಕೆಲಸಕ್ಕೆ ಕೂತರು. ಅವರ ಯೋಚನೆ ಸರಳವಾಗಿತ್ತು. ಅಕ್ಕನ ಒಂದೊಂದು ಮಾತನ್ನೂ ಬೇರೆ ಬೇರೆಯಾಗಿ ರೆಕಾರ್ಡು ಮಾಡಿ ‘ಮಾತು’ ಎಂಬ ಹೆಸರಿನ ಒಂದು ಜಾಗದಲ್ಲಿ ಇಡುವುದು. ‘ಹೇಳು’ ಎಂಬ ಹೊಸ ಆಜ್ಞೆ ಮಾಡುವುದು. ‘ಹೇಳು ನೀರು ಕೊಡು’ ಎಂದು ಬರೆದು ಎಂಟರ್ ಒತ್ತಿದರೆ ಅಕ್ಕನ ದನಿಯೇ “ನೀರು ಕೊಡು” ಎನ್ನಬೇಕು. ಸಂತೆಪೇಟೆಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ರೌಫ್ ಭಾವನ ಗೆಳೆಯ. ಅವನೇ ಒಳ್ಳೆಯ ಮೈಕು ತಂದು, ತನ್ನ ಟೇಪಿನಲ್ಲಿ ಪರೀಕ್ಷೆ ಮಾಡಿ, ಮೇಜಿಗೆ ಕಟ್ಟಿಕೊಟ್ಟ.

“ಕ್ಯಾಸೆಟ್ಟಲ್ಲೂ ಒಂದು ಇಟ್ಕಳ್ರಿ ಸಾರ್. ನನ್ ಕೈಲಾಗೋದು ಅದೊಂದೇ” ಎಂದ.

“ಟೇಪಿಗೆ ಬೂಷ್ಟು ಹಿಡಿತೈತೆ ರೌಫ್. ಇದ್ರಾಗೆ ಇಟ್ರೆ ನಾವು ಹೋದ್ರೂ ಇರ್ತೈತೆ” ಎಂದರು ಭಾವ. ಎಲ್ಲ ಮುಗಿದ ಮೇಲೆ, ಸದ್ದುಗದ್ದಲ ತೆಗೆದು ಚೊಕ್ಕ ಮಾಡಿ, ಒಟ್ಟಿಗೆ ಸಿ.ಡಿ. ಮಾಡಿಸೋಣ ಎಂದರು. ಚೊಕ್ಕ ಮಾಡುವ ಕೆಲಸ ಅವರಿಗೆ ಎಂದೂ ಮುಗಿಯುತ್ತಿರಲಿಲ್ಲ.

ಆಪರೇಷನ್ನಿಗೆ ಮೊದಲಿನ ಆ ವಾರ ನಾನು ರಜೆ ಹಾಕಿ ಅಲ್ಲೇ ಇದ್ದೆ. ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಬೆವರುತ್ತಾ ಕೂತು ಅಕ್ಕ ಒಂದೊಂದೇ ಮಾತು ಹೇಳಿದಳು. ಬರ್ರಿ, ಕುಂತ್ಕಳ್ರಿ, ನೀರು, ಸಾಕು, ಬೇಡ, ನೋವು, ಅವ್ವ, ಹೋಗಾಣ, ಸುಮ್ನಿರ್ರಿ. ದನಿ ಕೈಕೊಟ್ಟರೆ ಬಿಸಿನೀರು ಕುಡಿದು ಮತ್ತೆ. ನನ್ನ ಹೆಸರನ್ನು ಮೂರು ಬಗೆಯಲ್ಲಿ ಹೇಳಿದಳು. ಒಂದು ಕರೆಯುವುದಕ್ಕೆ, ಒಂದು ಬೈಯುವುದಕ್ಕೆ. ಮೂರನೆಯದು ಯಾವುದಕ್ಕೆ ಎಂದು ಕೇಳಿದರೆ, “ಸುಮ್ನೆ, ಇರ್ಲಿ” ಎಂದಳು. ಬಸ್ಸು ಕೂಗುವುದನ್ನೂ ಬಿಡಲಿಲ್ಲ. ಹೊಳಲ್ಕೆರೆಯನ್ನು ಸರಿಯಾಗಿ ಎಳೆಯಲಾಗಲಿಲ್ಲ ಎಂದು ಮತ್ತೆ ಮತ್ತೆ ಹೇಳಿದಳು. ನಾನು ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತು ಬರುತ್ತಿದ್ದೆ. ನಲ್ಲಿಯ ಸದ್ದು ಮೈಕಿಗೆ ಬೀಳುತ್ತದೆ ಎಂದು ಭಾವ ಅದಕ್ಕೂ ಗದರಿದರು.

ಕೊನೆಯ ದಿನ ಭಾವ ಮೈಕನ್ನು ಅವಳ ಹತ್ತಿರಕ್ಕೆ ಸರಿಸಿದರು. “ಒಂದು ಮಾತು ಉಳೀತು.”

“ಯಾವ್ದು?”

“ನನ್ ಹೆಸ್ರು.”

ಅಕ್ಕ ನಕ್ಕಳು. ಭಾವ ನಗಲಿಲ್ಲ. ಅವರು ಅಷ್ಟು ಸಣ್ಣ ದನಿಯಲ್ಲಿ ಬೇಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. “ಇನ್ ಮ್ಯಾಲೆ ನೀನು ಹೇಳ್ತೀನಿ ಅಂದ್ರೂ ಆಗಲ್ಲ ಬೃಂದಾ. ಒಂದೇ ಸಲ.”

ಅವಳು ಮೈಕನ್ನು ನೋಡಿದಳು, ಅವರ ಮುಖ ನೋಡಿದಳು. ಬಾಯಿ ತೆರೆದಳು ಕೂಡ. ಆಮೇಲೆ ತಲೆಯಾಡಿಸಿ, ಆ ಒಡಕು ದನಿಯಲ್ಲೇ ತುಂಟತನ ತಂದುಕೊಂಡು, “ಆ ಮಾತು ನನ್ನತ್ರ ಇಲ್ಲ ಕಣ್ರೀ” ಎಂದಳು. ಹೇಳಿ ಮುಗಿಯುವ ಮೊದಲೇ ಅವಳಿಗೆ ನಗು ಬಂತು. ಭಾವ ಸಿಟ್ಟಿನಿಂದ ಎದ್ದು ಹೋಗುವಾಗ ಬೆನ್ನ ಹಿಂದಿನಿಂದ ಹೇಳಿದಳು: “ನಿಮ್ ಆಯಸ್ಸು ನಂಗೆ ಬೇಕು ರೀ. ದನಿ ಹೋದ್ರೆ ಹೋಗ್ಲಿ.” ಆ ಹೊತ್ತಿಗೆ ಭಾವ ಮೈಕು ಆರಿಸಿದ್ದರು.

ನಗುವಿನ ಜೊತೆಗೇ ರೆಕಾರ್ಡಾಗಿದ್ದ ‘ನನ್ನತ್ರ ಇಲ್ಲ ಕಣ್ರೀ’ ಎಂಬ ಆ ಒಂದು ವಾಕ್ಯವನ್ನು ಅವರು ಬಿಸಾಡಲಿಲ್ಲ. ‘ಹೇಳು’ ಆಜ್ಞೆಗೆ ಗೊತ್ತಿಲ್ಲದ ಮಾತು ಯಾರಾದರೂ ಕೇಳಿದರೆ ಉತ್ತರವಾಗಿ ಬರಲಿ ಎಂದು ಅದನ್ನು ‘ಮಾತು’ ಜಾಗದಲ್ಲಿ ಇಡದೆ, ಪ್ರೋಗ್ರಾಮಿನ ಜೊತೆಗೇ ಬೇರೆ ಕಡೆ ಇಟ್ಟರು.

ಆಪರೇಷನ್ ಆಯಿತು. ಕತ್ತಿನ ಬುಡದಲ್ಲಿ ಉಸಿರಿಗೊಂದು ತೂತು, ಅದರ ಮೇಲೆ ಹತ್ತಿಬಟ್ಟೆ. ಮನೆಗೆ ಬಂದ ಅಕ್ಕ ನಡುಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಎರಡು ಬೆರಳಲ್ಲಿ ಕುಟ್ಟಿದಳು. “ಬರ್ರಿ. ಕುಂತ್ಕಳ್ರಿ” ಎಂದಿತು ಅವಳ ದನಿ ಸ್ಪೀಕರ್ ಡಬ್ಬಿಯೊಳಗಿನಿಂದ. ಬಾಗಿಲಲ್ಲಿ ನಿಂತಿದ್ದ ರೌಫ್ ಕೂರಲೂ ಆಗದೆ ನಿಲ್ಲಲೂ ಆಗದೆ ಕರ್ಚೀಫು ಹುಡುಕಿದ.

ಅಲ್ಲಿಂದ ಆ ಪರದೆಯೇ ಅವಳ ಬಾಯಿ. ಅವಳಿಗೆಂದೇ ಭಾವ ಅದು ಯಾವಾಗಲೂ ‘ಮಾತು’ ಜಾಗದಲ್ಲೇ ತೆರೆದುಕೊಳ್ಳುವಂತೆ ಮಾಡಿದ್ದರು. ನಮ್ಮ ಭಾಷೆಯಲ್ಲಿ ಏನು, ಎಲ್ಲಿ, ಯಾರು ಎಲ್ಲ ಆದಮೇಲೆ ಮಾಡು ಎನ್ನುತ್ತೇವೆ. ಶೆಲ್ಲಿಗೆ ಮೊದಲೇ ಅಪ್ಪಣೆ ಬೇಕು. ಪ್ರತಿ ಮಾತಿಗೂ ಮೊದಲು ‘ಹೇಳು’ ಎಂದು ಬರೆಯುವುದು ಅವಳಿಗೆ ಒಂದೆರಡು ವಾರ ಮರೆತು ಹೋಗುತ್ತಿತ್ತು, ಆಮೇಲೆ ಕೈಗೆ ಹತ್ತಿತು. ಅಡಿಗೆಮನೆಯಲ್ಲಿ ಹಾಲು ಉಕ್ಕಿದರೆ ಅಲ್ಲಿಂದ ಓಡಿ ಬಂದು, ‘ಹೇಳು’ ಎಂದು ಬರೆದು, ಆಮೇಲೆ ಭಾವನನ್ನು ಬೈಯುವಷ್ಟರಲ್ಲಿ ಹಾಲು ನೆಲಕ್ಕೆ ಬಂದಿರುತ್ತಿತ್ತು. ಕರೆಂಟು ಹೋದರೆ ಅಕ್ಕ ಮೂಕಿ. ಕರೆಂಟು ಬಂದ ತಕ್ಷಣ ಹಿಂದಿನ ಎರಡು ಗಂಟೆಯ ಬೈಗುಳ ಒಟ್ಟಿಗೆ. ಸಂಜೆ ಭಾವ ಕಾಲೇಜಿನಿಂದ ಬಂದು, ಶರ್ಟು ಕೂಡ ಬಿಚ್ಚದೆ, ಕೀಬೋರ್ಡಿಗೆ ಬಾಗಿ ತಮ್ಮ ಹೆಸರು ಕೇಳುತ್ತಿದ್ದರು. “ಆ ಮಾತು ನನ್ನತ್ರ ಇಲ್ಲ ಕಣ್ರೀ.” ಅಕ್ಕ ಬಾಯಿಗೆ ಸೆರಗು ಇಟ್ಟುಕೊಂಡು ದನಿಯಿಲ್ಲದೆ ನಗುತ್ತಿದ್ದಳು. ಇಷ್ಟಾದರೂ ಅವರು ಸುಖವಾಗಿಯೇ ಇದ್ದರು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹರಿಯಬ್ಬೆಯಿಂದ ಅವ್ವ ಬಂದದ್ದು ಮುಂದಿನ ವರ್ಷ, ಕಡಲೆಕಾಯಿ ಸುಗ್ಗಿಯ ಹೊತ್ತಿಗೆ. ಮಗಳ ಕತ್ತಿನ ತೂತು ನೋಡಲಾರೆ ಎಂದು ಅಲ್ಲಿಯವರೆಗೆ ಬಂದೇ ಇರಲಿಲ್ಲ. ಬಂದವಳು ಹಸಿ ಕಡಲೆಕಾಯಿ ಗಂಟನ್ನು ಕೆಳಗಿಟ್ಟು, ಅಕ್ಕನ ಕತ್ತಿನ ಕಡೆ ನೋಡದೆ ಕಂಪ್ಯೂಟರನ್ನು ನೋಡಿದಳು. ಭಾವ ಕಾಲೇಜಿಗೆ ಹೋಗಿದ್ದರು.

“ನಿನ್ ಮಾತೆಲ್ಲ ಈ ಪೆಟ್ಟಿಗೇಲಿ ಇಟ್ಟಾರಂತಲ್ಲೇ?”

ಅಕ್ಕ ಕುರ್ಚಿ ಎಳೆದು ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕುಟ್ಟಿದಳು. “ಅವ್ವ. ಊಟ ಮಾಡು.”

ಅವ್ವನ ಕಣ್ಣು ತುಂಬಿತು. ಪರದೆಯನ್ನು ಅಂಗೈಯಿಂದ ಸವರಿದಳು. “ನನ್ ಕೂಸಿನ ದನಿ” ಎಂದಳು. “ಇನ್ನೊಂದು ಕೇಳ್ಸು.” ಅಕ್ಕ ಇನ್ನೊಂದು ಕೇಳಿಸಿದಳು. “ಇನ್ನೊಂದು.” ಹಿರಿಯೂರು, ಹರಿಯಬ್ಬೆ ಕೂಗಿದಳು. ಅವ್ವ ಬಸ್ಸು ಹತ್ತುವವಳಂತೆ ಸೆರಗು ಸರಿಮಾಡಿಕೊಂಡು ನಕ್ಕಳು, ಅತ್ತಳು. ನನ್ನ ಹೆಸರೂ ಬಂತು, ಮೂರನೆಯದು. ನಾನು ಕೆಳಗೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದೆ.

“ಹಿಂಗೆ ಒಂದೊಂದೇ ಯಾಕೆ ಕೊಡ್ತೀಯ, ಜಿಪುಣಿ” ಎಂದಳು ಅವ್ವ. “ಎಲ್ಲಾ ತೆಗಿಯೇ. ಕುಂತ್ಕಂಡು ಕೇಳ್ತೀನಿ.”

ಹಬ್ಬಕ್ಕೆ ಟ್ರಂಕಿನ ಸೀರೆ ನೋಡುವಾಗ ಅವ್ವ ಹೀಗೇ ಹೇಳುತ್ತಿದ್ದಳು, ಎಲ್ಲಾ ತೆಗಿ ನೋಡಾಣ ಎಂದು. ಅಕ್ಕ ಒಂದು ಕ್ಷಣ ಯೋಚಿಸಿದಳು. ತೆಗಿ ಎಂಬುದು ಗಂಡ ಮಾಡಿದ ಆಜ್ಞೆಗಳಲ್ಲಿ ಒಂದು ಎಂದು ಅವಳಿಗೆ ನೆನಪಿತ್ತು. ಅವಳಿಗೆ ಅದರ ಅಗತ್ಯ ಯಾವತ್ತೂ ಬಿದ್ದಿರಲಿಲ್ಲ. ಎಲ್ಲಕ್ಕೂ ಚುಕ್ಕಿ ಎಂಬುದೂ ಗೊತ್ತಿತ್ತು. ಮುಖ ಅರಳಿಸಿಕೊಂಡು ‘ತೆಗಿ’ ಎಂದು ಬರೆದು, ಜಾಗ ಬಿಟ್ಟು, ಚುಕ್ಕಿ ಹಾಕಿದಳು. ನಾನು ತಲೆಯೆತ್ತಿ ನೋಡಿದೆ. ಕನ್ನಡ ಕಲಿಸಿ ಹೊಟ್ಟೆ ಹೊರೆಯುವ ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅವಳು ಎಂಟರ್ ಒತ್ತಿದಳು.

ಶೆಲ್ಲು ಏನೂ ಹೇಳಲಿಲ್ಲ. ಕೇಳಲೂ ಇಲ್ಲ. ಕೆಳಗಿನ ಸಾಲಿಗೆ ಬಂದು ಮಿಣುಕುತ್ತಾ ನಿಂತಿತು. ನಾವು ಮೂವರೂ ಕಾದೆವು. ಅವ್ವ ಕಿವಿಯನ್ನು ಪರದೆಗೆ ತಾಗಿಸಿಕೊಂಡಿದ್ದಳು.

ಬರಲಿಲ್ಲವಲ್ಲ ಎಂದು ಅಕ್ಕ ಮತ್ತೆ ಬರೆದಳು: ಹೇಳು ಅವ್ವ.

“ಆ ಮಾತು ನನ್ನತ್ರ ಇಲ್ಲ ಕಣ್ರೀ.”

ಅವ್ವ ಚಪ್ಪಾಳೆ ತಟ್ಟಿದಳು. “ನೋಡಮ್ಮ, ಎಷ್ಟು ಚಂದ ಉದ್ದಕ್ಕೆ ಹೇಳಿದ್ಲು! ನಗ್ತಾಳೆ ಬ್ಯಾರೆ! ಯಾರಿಗೆ ಕಣ್ರೀ ಅಂತೀಯೇ, ನಾನು ನಿಮ್ಮವ್ವ.”

ಅಕ್ಕ ಬರೆದಳು: ಹೇಳು ನೀರು. “ಆ ಮಾತು ನನ್ನತ್ರ ಇಲ್ಲ ಕಣ್ರೀ.” ಹೇಳು ಬರ್ರಿ. ಹೇಳು ಸಾಕು. ಹೇಳು ಹೊಳಲ್ಕೆರೆ. ಪ್ರತಿ ಸಲವೂ ಅದೇ ತುಂಟ ದನಿ, ಕೊನೆಗೆ ಅದೇ ತಡೆಯಲಾರದ ನಗು. ಅವ್ವನೂ ಜೊತೆಗೆ ನಗುತ್ತಿದ್ದಳು. ಅಕ್ಕನ ಬೆರಳು ತಪ್ಪತೊಡಗಿತು. ‘ನೋಡು’ ಎಂದು ಬರೆದಳು, ಮಾತುಗಳ ಪಟ್ಟಿ ತೋರಿಸಲು. ಪಟ್ಟಿ ಬರಲಿಲ್ಲ. ಖಾಲಿ ಸಾಲು ಮಿಣುಕಿತು. ಆಗ ನನ್ನ ಕಡೆ ತಿರುಗಿದ ಅವಳ ಮುಖವನ್ನು ನಾನು ಈಗಲೂ ನೆನೆಯಲಾರೆ. ಕೂಗಿಕೊಂಡವಳಂತೆ ಬಾಯಿ ಅಗಲವಾಗಿತ್ತು, ಕತ್ತಿನ ಹತ್ತಿಬಟ್ಟೆ ಮಾತ್ರ ಉಸಿರಿಗೆ ಪಟಪಟ ಹಾರಿತು. ಅವ್ವ ಆಗ ನಗು ನಿಲ್ಲಿಸಿದಳು.

ಸಂಜೆ ಭಾವ ಬಂದರು. ಪರದೆಯ ಮೇಲಿನ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದರು. ‘ತೆಗಿ’ ಎಂಬಲ್ಲಿಗೆ ಬಂದಾಗ ಕುರ್ಚಿಯ ಬೆನ್ನು ಹಿಡಿದುಕೊಂಡರು. ಅಕ್ಕ ಆಸ್ಪತ್ರೆಯಲ್ಲಿ ಬರೆದು ತೋರಿಸಲು ಕೊಟ್ಟಿದ್ದ ಸ್ಲೇಟು ತೆಗೆದುಕೊಂಡು, “ನಾನೇ ತೆಗ್ದೆ” ಎಂದು ಬರೆದು ತೋರಿಸಿದಳು. ಯಾವ ಅರ್ಥದಲ್ಲಿ ಬರೆದಳೋ, ತೆರೆದೆ ಎಂದೋ ಕಿತ್ತು ಹಾಕಿದೆ ಎಂದೋ, ನಾನೂ ಕೇಳಲಿಲ್ಲ, ಭಾವನೂ ಕೇಳಲಿಲ್ಲ. ಅವರು ಸ್ಲೇಟನ್ನು ಅವಳ ಕೈಯಿಂದ ತೆಗೆದುಕೊಂಡು ಅಂಗೈಯಿಂದ ಒರೆಸಿದರು. “ನೀನಲ್ಲ. ಅಳ್ಸೋದಕ್ಕೆ ತೆಗಿ ಅಂತ ಇಟ್ಟೋನು ನಾನು, ಖಂಡಿತಾನಾ ಅಂತ ಕೇಳೋ ಬಾಯಿ ಮುಚ್ಚಿಸ್ದೋನು ನಾನು” ಎಂದರು.

ಅಳಿಸಿದ್ದನ್ನು ಮರಳಿ ಎತ್ತುವ ದಾರಿಗಳನ್ನೆಲ್ಲ ಅವರು ಹುಡುಕಿದರು. ಊರೂರಿನ ಲಿನಕ್ಸ್ ಗೆಳೆಯರಿಗೆ ಈಮೇಲ್ ಬರೆದರು. ಡಿಸ್ಕಿನಿಂದ ಕೆಲವು ಚೂರು ಸಿಕ್ಕವು. ಕಿವಿಗೆ ಇಟ್ಟುಕೊಂಡರೆ ಗರಗರ ಸದ್ದು, ಅದರಲ್ಲಿ ಅಕ್ಕ ಎಲ್ಲೂ ಇರಲಿಲ್ಲ. ರೌಫನಿಗೆ ಒಂದು ನೆನಪು ಬಂತು, ಮೈಕು ಕಟ್ಟುವ ದಿನ ಪರೀಕ್ಷೆಗೆಂದು ತನ್ನ ಟೇಪಿನಲ್ಲಿ ಅವಳಿಂದ ನಾಲ್ಕು ಮಾತು ಹೇಳಿಸಿದ್ದ. ಮೂವರೂ ಅಂಗಡಿಗೆ ಓಡಿದೆವು. ಕ್ಯಾಸೆಟ್ಟು ಸಿಕ್ಕಿತು. ಹಾಕಿದರೆ ಯಾರದೋ ಮದುವೆಯ ಬ್ಯಾಂಡು. “ಮರುದಿನ ಗಿರಾಕಿ ಬಂದ್ರು ಸಾರ್, ಖಾಲಿ ಕ್ಯಾಸೆಟ್ ಇರ್ಲಿಲ್ಲ, ಅದ್ರ ಮೇಲೇ ಹಾಕ್ಬಿಟ್ಟೆ” ಎಂದು ರೌಫ್ ಅಂಗಡಿಯ ಷಟರಿಗೆ ಹಣೆ ಚಚ್ಚಿಕೊಂಡ. ಭಾವ ಅವನ ಹೆಗಲು ಹಿಡಿದು ತಡೆದರು. ಅವನು ಒಂದು ಪ್ರತಿ ಇಟ್ಟುಕೊಳ್ಳಿ ಎಂದು ಹೇಳಿದ್ದನ್ನು ಇಬ್ಬರೂ ಎತ್ತಲಿಲ್ಲ.

ಅಕ್ಕ ಕಂಪ್ಯೂಟರಿನ ಹತ್ತಿರ ಹೋಗುವುದನ್ನು ಬಿಟ್ಟಳು. ಸ್ಲೇಟಿನಲ್ಲಿ ಬೇಕಾದ್ದಷ್ಟೇ ಬರೆಯುತ್ತಿದ್ದಳು. ಸ್ಲೇಟಿನಲ್ಲಿ ಗದರುವುದು ಹೇಗೆ, ನನ್ನ ಹೆಸರನ್ನು ಮೂರು ಬಗೆಯಲ್ಲಿ ಬರೆಯುವುದು ಹೇಗೆ? ಅವಳು ಸುಮ್ಮನಾದಳು, ನಿಜವಾಗಿ ಸುಮ್ಮನಾದಳು. ಸುಮ್ಮನಿದ್ದರೆ ಎಲ್ಲಾ ಸರಿಯಾಗಿದೆ ಎಂಬ ಆ ಶೆಲ್ಲಿನ ಧರ್ಮದ ಮೇಲೆ ನನಗೆ ಎಂಥ ಸಿಟ್ಟು ಬರುತ್ತಿತ್ತೆಂದರೆ, ಒಂದು ಭಾನುವಾರ ಆ ಪರದೆಯನ್ನು ಎತ್ತಿ ಹೊರಗೆ ಬಿಸಾಡಲು ಹೋದೆ. ಅಕ್ಕನೇ ಓಡಿ ಬಂದು ಅಡ್ಡ ನಿಂತಳು. ತಲೆ ಅಲ್ಲಾಡಿಸಿ, ಬೇಡ ಬೇಡ ಎಂದು ಕೈಮುಗಿದಳು. ಅವಳು ಯಾಕೆ ಅಡ್ಡ ಬಂದಳೆಂದು ಆಗ ನನಗೆ ಅರ್ಥವಾಗಲಿಲ್ಲ.

ಗಂಟು ಮತ್ತೆ ಬಂತು, ಈ ಸಲ ಎದೆಯೊಳಗೆ. ಎರಡು ಸಾವಿರದ ಏಳರ ಬೇಸಿಗೆಯಲ್ಲಿ, ಮದಕರಿಪುರದ ಕಡೆಯಿಂದ ಬಿಸಿಗಾಳಿ ಬೀಸುತ್ತಿದ್ದ ಒಂದು ಮಧ್ಯಾಹ್ನ, ಅಕ್ಕ ಹೋದಳು. ಹೋಗುವ ಮೊದಲು ಏನೋ ಹೇಳಲು ತುಟಿ ಆಡಿಸಿದಳು. ಭಾವ ಬಾಗಿ ತುಟಿಯನ್ನೇ ನೋಡಿದರು. ಅವರಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಹೆಣ ಎತ್ತುವಾಗ ಬಸ್ ನಿಲ್ದಾಣದವರೆಲ್ಲ ಬಂದಿದ್ದರು. ಆ ದಿನ ಮೈಕು ಹಾಕಲಿಲ್ಲ ಎಂದು ಏಜೆಂಟ್ ಪಾಲಯ್ಯ ನನ್ನ ಕಿವಿಯಲ್ಲಿ ಹೇಳಿದ. ಪ್ರಯಾಣಿಕರು ಬೋರ್ಡು ಓದಿಕೊಂಡು ಹತ್ತಿದರಂತೆ.

ವರ್ಷ ಕಳೆದ ಮೇಲೆ ಒಂದು ಭಾನುವಾರ ಭಾವನನ್ನು ನೋಡಲು ಹೋದೆ. ಬಾಗಿಲು ತೆರೆದೇ ಇತ್ತು. ಅವರು ನಡುಮನೆಯಲ್ಲಿ ಬೆನ್ನು ಹಾಕಿ ಕೂತಿದ್ದರು, ಕಪ್ಪು ಪರದೆ ಹೊತ್ತಿಕೊಂಡಿತ್ತು. ನಾನು ಕರೆಯುವ ಮೊದಲೇ ಅವರು ಏನೋ ಬರೆದು ಎಂಟರ್ ಒತ್ತಿದರು.

“ಆ ಮಾತು ನನ್ನತ್ರ ಇಲ್ಲ ಕಣ್ರೀ.”

ಅಕ್ಕನೇ ಒಳಗಿದ್ದಾಳೆ ಎನಿಸಿಬಿಟ್ಟಿತು. ಆಮೇಲೆ ಸಿಟ್ಟು ಬಂತು. ಆ ಒಂದೇ ವಾಕ್ಯ ಕೇಳಿ ಕೇಳಿ ಅವಳ ಮುಖ ಬಾಡಿದ್ದನ್ನು ಕಂಡವಳು ನಾನು. “ಯಾಕ್ ಹಾಕ್ತೀರಿ ಭಾವ ಅದನ್ನ? ಅವಳತ್ರ ಎಲ್ಲಾ ಮಾತೂ ಇತ್ತು. ಇಲ್ಲ ಇಲ್ಲ ಅಂತ ಸುಳ್ಳು ಹೇಳ್ತೈತೆ ಅದು” ಎಂದು ಕೂಗಿದೆ.

ಭಾವ ತಿರುಗಿದರು. ಗಡ್ಡ ಬೆಳೆದಿತ್ತು. “ಬೇರೆ ಯಾವ್ದು ಕೇಳಿದ್ರೂ ಸುಳ್ಳೇ ರಮ್ಯಾ. ಅದ್ಕೇ ನಾನು ಬೇರೆ ಏನೂ ಕೇಳಲ್ಲ” ಎಂದು ಪಕ್ಕಕ್ಕೆ ಸರಿದು ಪರದೆ ತೋರಿಸಿದರು.

ಮೇಲಿನಿಂದ ಕೆಳಗಿನವರೆಗೆ ಒಂದೇ ಸಾಲು, ಮತ್ತೆ ಮತ್ತೆ ಬರೆದದ್ದು: ಹೇಳು ಲಕ್ಷ್ಮೀಕಾಂತ.

“ಇದೊಂದು ಕೇಳಿದ್ರೆ ಅವಳಿದ್ದಾಗ್ಲೂ ಇದೇ ಹೇಳ್ತಿದ್ಲು” ಎಂದರು. ಮತ್ತೆ ಕೀಬೋರ್ಡಿನ ಕಡೆ ತಿರುಗಿದರು. ನಾನು ಅವರ ಪಕ್ಕ ಅವ್ವ ಕೂತಿದ್ದ ಕುರ್ಚಿಯಲ್ಲಿ ಕೂತೆ. ಅವರು ತಮ್ಮ ಹೆಸರು ಬರೆದು ಎಂಟರ್ ಒತ್ತಿದರು, ಅಕ್ಕ ಹೇಳುವುದಿಲ್ಲ ಎಂದು ನಕ್ಕಳು.